ಬ್ರೇಕ್ ಮೇಲೆ ಒಂದೇ ಬೆರಳು

ಈ ತಿಂಗಳ ಕಾಗದಗಳಲ್ಲಿ ಮುಕ್ಕಾಲು ಪಾಲು ಬೆಟ್ಟದ ಸೈಕಲ್ ಬಗ್ಗೆಯೇ. ರಜೆ ಹತ್ತಿರ ಬಂತು, ಎಲ್ಲರ ಕಣ್ಣೂ ದೂರದ ಬೆಟ್ಟಗಳ ಮೇಲೆ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು, ಭಾನುವಾರ ಮಾತ್ರ ಸೈಕಲ್ಲಿನವಳು. ಹಾಗಾಗಿ ಉತ್ತರದ ನಡುವೆ ಸ್ವಲ್ಪ ಪಾಠವೂ ನುಸುಳಿದರೆ ಬೈಕೋಬೇಡಿ.

ಪ್ರಶ್ನೆ: ಮೇಡಂ, ನನಗೆ 54 ವರ್ಷ. ನಾಲ್ಕು ವರ್ಷದಿಂದ ಬೆಂಗಳೂರಿನ ತುರಹಳ್ಳಿ ಕಾಡಿನ ಕಡೆ ಹಾರ್ಡ್‌ಟೇಲ್ (ಹಿಂದೆ ಸ್ಪ್ರಿಂಗ್ ಇಲ್ಲದ) ಸೈಕಲ್ ಓಡಿಸುತ್ತಿದ್ದೇನೆ. ಅಕ್ಟೋಬರ್‌ನಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಅವನು ಅದೇ ಯೂಟಾ ರಾಜ್ಯದ ಮೋಆಬ್ ಅನ್ನುವ ಊರಿಗೆ ಕರೆದುಕೊಂಡು ಹೋಗುತ್ತಾನಂತೆ. ಒಂದೇ ದಾರಿಯಲ್ಲಿ ಹಿಮದ ಬೆಟ್ಟವೂ ಮರುಭೂಮಿಯೂ ಸಿಗುತ್ತದಂತೆ. ಈ ವಯಸ್ಸಿಗೆ ನನ್ನ ಕೈಲಾಗುತ್ತಾ? ಸೈಕಲ್ ಇಲ್ಲಿಂದಲೇ ಒಯ್ಯಲಾ?
— ಜಯನಗರದ ಓದುಗರು

ಉತ್ತರ: ಆಗುತ್ತೆ ಸರ್. ಆದರೆ ಮಗ ಹೇಳುವ ದಾರಿ ಮೊದಲ ದಿನಕ್ಕಲ್ಲ.

ಅವರು ಹೇಳುತ್ತಿರುವುದು 'ಹೋಲ್ ಎಂಚಿಲಾಡ' ಅನ್ನುವ ಸೈಕಲ್ ದಾರಿ ಇರಬೇಕು. ಲಾ ಸಾಲ್ ಬೆಟ್ಟದ ಬುರ್ರೊ ಪಾಸ್, ಸುಮಾರು 3,400 ಮೀಟರ್ ಎತ್ತರ. ಅಲ್ಲಿಂದ ಇಳಿದು ಇಳಿದು ಕೊನೆಗೆ ಕೊಲೊರಾಡೊ ನದಿಯ ದಡ, ಸುಮಾರು 1,200 ಮೀಟರ್. ನಮ್ಮ ಊರಿನ ಮಟ್ಟದಿಂದ ನಂದಿಬೆಟ್ಟ ಏರುವುದು ಹೆಚ್ಚುಕಮ್ಮಿ 550 ಮೀಟರ್ ಅಲ್ವಾ? ಅಂಥ ನಾಲ್ಕು ನಂದಿಯನ್ನು ಒಂದರ ಮೇಲೊಂದು ಪೇರಿಸಿ ಇಳಿದ ಹಾಗೆ. ಅದೂ ಟಾರ್ ರಸ್ತೆಯಲ್ಲಲ್ಲ, ಬಹುಪಾಲು ಒಂದು ಸೈಕಲ್ ಹಿಡಿಯುವಷ್ಟೇ ಅಗಲದ ಕಾಲುದಾರಿಯಲ್ಲಿ.

ಕೆಲವು ವರ್ಷದ ಹಿಂದೆ ತಮ್ಮನ ಜೊತೆ ನಾನು ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಸೈಕಲ್ಲುಗಳನ್ನು ವ್ಯಾನಿಗೆ ಹೇರಿ ಮೇಲೆ ಬಿಟ್ಟುಬರುತ್ತಾರೆ. 'ಬರೀ ಇಳಿಜಾರು' ಅಂತ ನಂಬಿ ಹೋದವಳಿಗೆ ಮೊದಲು ಸಿಕ್ಕಿದ್ದೇ ಏರು. ಗಾಳಿ ತೆಳು, ಬೆರಳು ಮರಗಟ್ಟಿತ್ತು. ಇಪ್ಪತ್ತು ಸಲ ಪೆಡಲ್ ತುಳಿದರೆ ಒಂದು ಸಲ ನಿಲ್ಲಬೇಕು. ಕೊನೆಯ ಏರಿನಲ್ಲಿ ನಾಚಿಕೆ ಬಿಟ್ಟು ಸೈಕಲ್ ತಳ್ಳಿದೆ. ಮೇಲ್ಗಡೆ ಸ್ಪ್ರೂಸ್ ಮರಗಳ ಕಾಡು, ದಾರಿಗೆ ಅಡ್ಡ ಒದ್ದೆ ಬೇರುಗಳು. ಸ್ವಲ್ಪ ಕೆಳಗೆ ಆಸ್ಪೆನ್ ಮರಗಳು ಅರಿಶಿನ ಹಚ್ಚಿಕೊಂಡು ನಿಂತಿದ್ದವು. ಇನ್ನೂ ಕೆಳಗೆ ಓಕ್ ಪೊದೆ, ಸಡಿಲ ಕಲ್ಲು. ಆಮೇಲೆ ಮರವೇ ಗಿಡ್ಡವಾಗಿ, ಜೂನಿಪರ್ ಮಾತ್ರ ಉಳಿದು, ನೆಲ ಕೆಂಪಾಗಿ, ಪಾರ್ಕ್ಯುಪೈನ್ ರಿಮ್ ಅನ್ನುವ ಬಂಡೆಯಂಚಿಗೆ ಬರುತ್ತೀರಿ. ಬೆಳಿಗ್ಗೆ ಹಾಕಿದ್ದ ಸ್ವೆಟರ್ ಮಧ್ಯಾಹ್ನ ಬ್ಯಾಗಿನಲ್ಲಿ ಹೊರೆ. ಒಂದೇ ದಿನದಲ್ಲಿ ಮೂರು ಬೇರೆ ಬೇರೆ ಸೈಕಲ್ ಸವಾರಿ ಮಾಡಿದ ಹಾಗೆ.

ತುರಹಳ್ಳಿ ನಿಮಗೆ ಕಲಿಸಿದ್ದರಲ್ಲಿ ಯಾವುದು ಅಲ್ಲಿ ನಡೆಯುತ್ತದೆ, ಯಾವುದು ನಡೆಯಲ್ಲ ಅಂತ ಹೇಳ್ತೀನಿ.

ಬಂಡೆ ಮೇಲಿನ ಧೈರ್ಯ ನಡೆಯುತ್ತದೆ. ಮೋಆಬ್‌ನ ಬಂಡೆಗೆ 'ಸ್ಲಿಕ್‌ರಾಕ್' ಅಂತ ಹೆಸರು, ಅಂದರೆ ಜಾರುಬಂಡೆ. ಕಬ್ಬಿಣದ ಲಾಳ ಹೊಡೆದ ಕುದುರೆಗಳು ಅದರ ಮೇಲೆ ಜಾರುತ್ತಿದ್ದವಂತೆ, ಅದಕ್ಕೆ ಆ ಹೆಸರು. ನಮ್ಮ ರಬ್ಬರಿಗೆ ಅದು ಉಪ್ಪುಕಾಗದ ಇದ್ದ ಹಾಗೆ. ಒಂದು ಕಾಲದ ಮರಳುದಿಬ್ಬಗಳೇ ಗಟ್ಟಿಯಾಗಿ ಆದ ಕಲ್ಲು ಅದು. ಕೈಯಲ್ಲಿ ಸವರಿದರೆ ಮರಳಿನ ತರಿ ಹಾಗೇ ಗೊತ್ತಾಗುತ್ತದೆ. ನಾನು ಮೊದಲ ದಿನ ಮಳೆಗಾಲದ ತುರಹಳ್ಳಿ ನೆನೆಸಿಕೊಂಡು ಪ್ರತಿ ಇಳಿಜಾರಿನಲ್ಲೂ ಸೈಕಲ್ ಇಳಿದು ನಡೆದೆ. ಹತ್ತು ವರ್ಷದ ಹುಡುಗಿಯೊಬ್ಬಳು 'ಎಕ್ಸ್‌ಕ್ಯೂಸ್ ಮಿ' ಅಂದು ಪಕ್ಕದಲ್ಲೇ ಇಳಿದು ಹೋದಳು.

ಸ್ಲಿಕ್‌ರಾಕ್ ಟ್ರೇಲ್ ಅಂತಲೇ ಒಂದು ಸುತ್ತು ಇದೆ, ಸುಮಾರು 17 ಕಿಲೋಮೀಟರ್. 1969ರಲ್ಲಿ ಮೋಟಾರ್ ಸೈಕಲ್ಲಿಗೆ ಅಂತ ಗುರುತು ಹಾಕಿದ್ದು. ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳೇ ದಾರಿ. ಅಲ್ಲೊಂದು ಪುಟ್ಟ 'ಪ್ರಾಕ್ಟೀಸ್' ಸುತ್ತೂ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ಅದೇನೂ ಸುಲಭವಲ್ಲ.

ಮರಳು ಮಾತ್ರ ನಿಮಗೆ ಹೊಸದು. ಎರಡು ಬಂಡೆಗಳ ನಡುವೆ ತಗ್ಗಿನಲ್ಲಿ ನುಣ್ಣನೆ ಮರಳು ಕೂತಿರುತ್ತದೆ. ನಾವೆಲ್ಲ ಮಾಡುವ ತಪ್ಪು, ಅಲ್ಲಿ ಹ್ಯಾಂಡಲ್ ತಿರುಗಿಸುವುದು. ಮುಂದಿನ ಗಾಲಿ ನೇಗಿಲಿನ ಹಾಗೆ ಹೂತುಕೊಳ್ಳುತ್ತದೆ. ಮರಳಿಗೆ ಮುಂಚೆಯೇ ಹಗುರ ಗೇರ್ ಹಾಕಿ, ಮೈಭಾರ ಸ್ವಲ್ಪ ಹಿಂದಕ್ಕೆ ತಂದು, ಹ್ಯಾಂಡಲ್ ಸಡಿಲ ಹಿಡಿದು, ಸುಮ್ನೆ ತುಳಿಯುತ್ತಾ ಇರಿ. ಗಾಲಿ ಅತ್ತಿತ್ತ ಓಲಾಡುತ್ತದೆ, ಆಡಲಿ ಬಿಡಿ.

ಈಗ ನನ್ನ ಮೊಣಕೈ ಕಥೆ. ನಮ್ಮಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಬಲಗೈಗೆ. ಅಮೆರಿಕದಲ್ಲಿ ಎಡಗೈಗೆ. ಬಾಡಿಗೆ ಸೈಕಲ್ ತೆಗೆದುಕೊಂಡಾಗ ತಮ್ಮ ಹೇಳಿದ್ದ, ನಾನು 'ಹೂಂ' ಅಂದಿದ್ದೆ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಮೊಣಕಾಲೆತ್ತರದ ಒಂದು ಕಲ್ಲಿನ ಮೆಟ್ಟಿಲು. ಹಿಂದಿನ ಬ್ರೇಕ್ ಅಂದುಕೊಂಡು ಎಡಗೈ ಅಮುಕಿದೆ. ಮುಂದಿನ ಗಾಲಿ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಆ ಉಪ್ಪುಕಾಗದದ ಮೇಲೆ ಎಡ ಮೊಣಕೈ ಉಜ್ಜಿಕೊಂಡು ಹೋಯಿತು. ದೋಸೆ ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಚರ್ಮ ಎದ್ದಿತ್ತು. ಹಾಗಾಗಿ ಸರ್, ಬಾಡಿಗೆ ಅಂಗಡಿಯಲ್ಲಿ ಬ್ರೇಕ್ ಅದಲುಬದಲು ಮಾಡಿಕೊಡಿ ಅಂತ ಮೊದಲೇ ಕೇಳಿ. ಆಗಲ್ಲ ಅಂದರೆ ಪಾರ್ಕಿಂಗ್ ಜಾಗದಲ್ಲಿ ಅರ್ಧ ಗಂಟೆ ಬರೀ ಬ್ರೇಕ್ ಹಿಡಿದು ಬಿಟ್ಟು ಮಾಡಿ. ಒಂದೊಂದು ಲಿವರಿಗೆ ಒಂದೇ ಬೆರಳು. ಈಗಿನ ಹೈಡ್ರಾಲಿಕ್ ಬ್ರೇಕಿಗೆ ಅಷ್ಟು ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದಿರಲಿ. ನಾನು ನಾಲ್ಕೂ ಬೆರಳು ಹಾಕಿ ಅಮುಕಿದ್ದೆ.

ಸೈಕಲ್ ಇಲ್ಲಿಂದ ಒಯ್ಯಬೇಡಿ. ಅಲ್ಲೇ ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ನಿಮ್ಮ ಹಾರ್ಡ್‌ಟೇಲ್ ಆ ಮೆಟ್ಟಿಲುಗಳನ್ನು ತಡೆದೀತು, ನಿಮ್ಮ ಸೊಂಟ ತಡೆಯಲ್ಲ. ಮೊದಲ ದಿನ ಡೆಡ್ ಹಾರ್ಸ್ ಪಾಯಿಂಟ್ ಪಾರ್ಕಿನ ಇಂಟ್ರೆಪಿಡ್ ದಾರಿಗಳಿಗೆ ಹೋಗಿ. ಸಲೀಸಾದ ದಾರಿ, ಪಕ್ಕದಲ್ಲಿ ಪಾತಾಳದಂಥ ಕಣಿವೆ. ಎರಡನೇ ದಿನ ಸ್ಲಿಕ್‌ರಾಕ್. ಕೈಗೆ ಬ್ರೇಕ್ ಒಗ್ಗಿದ ಮೇಲೆ, ಮೂರು ಅಥವಾ ನಾಲ್ಕನೇ ದಿನ ಎಂಚಿಲಾಡ. ಅಕ್ಟೋಬರ್‌ನಲ್ಲಿ ಮೇಲೆ ಹಿಮ ಬಿದ್ದಿರಬಹುದು. ಹಾಗಿದ್ದರೆ ವ್ಯಾನಿನವರು ಇನ್ನೂ ಕೆಳಗೇ ಇಳಿಸುತ್ತಾರೆ, ಹಟ ಮಾಡಬೇಡಿ.

ಇನ್ನೊಂದು. ದಾರಿ ಪಕ್ಕದ ಮಣ್ಣಿನ ಮೇಲೆ ಕಪ್ಪಗೆ ಹೊಪ್ಪಳೆ ಕಟ್ಟಿದ ಹಾಗೆ ಕಾಣುತ್ತದೆ. ಅದಕ್ಕೆ ಜೀವ ಇದೆ. ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಆ ಮರಳನ್ನು ಗಾಳಿಗೆ ಹಾರದ ಹಾಗೆ ಹಿಡಿದಿರುತ್ತವೆ. ಒಂದು ಹೆಜ್ಜೆ ಬಿದ್ದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು. ಫೋಟೋಗೆ ಅಂತ ಪಕ್ಕಕ್ಕೆ ಹೋಗಬೇಕಾದರೆ ಬಂಡೆ ಮೇಲೆ ನಿಲ್ಲಿ. ಎದುರಿಂದ ಏರು ಹತ್ತುತ್ತಾ ಬರುವವರಿಗೆ ದಾರಿ ಬಿಡುವುದು ಅಲ್ಲಿನ ಪದ್ಧತಿ. ನೀರು ಕನಿಷ್ಠ ಮೂರು ಲೀಟರ್. ಒಣ ಗಾಳಿಯಲ್ಲಿ ಬೆವರು ಕಾಣಿಸುವುದೇ ಇಲ್ಲ, ಬಟ್ಟೆ ಮೇಲೆ ಬಿಳಿ ಉಪ್ಪು ಮಾತ್ರ ಉಳಿಯುತ್ತದೆ. ನಾನು ಮನೆಯಿಂದ ನಿಪ್ಪಟ್ಟು ಒಯ್ದಿದ್ದೆ. ಪುಡಿಪುಡಿಯಾಗಿತ್ತು, ಆದರೂ ಉಪ್ಪು ಖಾರ ಎರಡೂ ಆ ಬಿಸಿಲಿಗೆ ಹಿತವಾಗಿತ್ತು. ತಮ್ಮ ತಂದಿದ್ದ ಸಿಹಿ ಬಾರ್ ಯಾರಿಗೂ ಬೇಡವಾಯಿತು.

ಪ್ರಶ್ನೆ: ಅಕ್ಕಾ, ನಾವು ಮೂವರು ಫ್ರೆಂಡ್ಸ್ ಶನಿವಾರ ಬೆಂಗಳೂರಿಂದ ವಿಮಾನದಲ್ಲಿ ಲಡಾಖ್‌ನ ಲೇಗೆ ಹೋಗಿ, ಭಾನುವಾರ ಖರ್ದುಂಗ್ ಲಾ ಕಣಿವೆದಾರಿಯಿಂದ ಸೈಕಲ್‌ನಲ್ಲಿ ಇಳಿದು, ಸೋಮವಾರ ವಾಪಸ್ ಬರೋ ಪ್ಲಾನ್ ಹಾಕಿದ್ದೇವೆ. ವಾರಾ ಪೂರ್ತಿ ಜಿಮ್ ಮಾಡ್ತೀವಿ, ಫಿಟ್ ಇದ್ದೀವಿ. ಬ್ರೇಕ್ ಬಗ್ಗೆ ಏನಾದ್ರೂ ಟಿಪ್ಸ್ ಕೊಡಿ.
— ವಿಜಯನಗರದ ಹುಡುಗ, 24 ವರ್ಷ

ಉತ್ತರ: ಬ್ರೇಕ್ ಮೊದಲು ನಿಮ್ಮ ಪ್ಲಾನಿಗೆ ಹಾಕಪ್ಪಾ.

ನಮ್ಮ ಊರು ಸುಮಾರು 920 ಮೀಟರ್, ಲೇ 3,500. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗ. ಚಿಪ್ಸ್ ಪ್ಯಾಕೆಟ್ ಒಯ್ದು ನೋಡು, ಬಲೂನಿನ ಹಾಗೆ ಉಬ್ಬಿರುತ್ತದೆ. ಖರ್ದುಂಗ್ ಲಾ ಇನ್ನೂ ಮೇಲೆ. ಹಳೇ ಬೋರ್ಡಿನಲ್ಲಿ 18,380 ಅಡಿ ಅಂತ ಬರೆದಿದ್ದದ್ದು ನಿಜವಲ್ಲ, ಅಳತೆ ಮಾಡಿದವರು ಹೇಳುವುದು 5,359 ಮೀಟರ್, ಅಂದರೆ ಹತ್ತಿರ ಹತ್ತಿರ 17,600 ಅಡಿ. ಅಷ್ಟಾದರೂ ಸಾಕಷ್ಟು ಎತ್ತರವೇ. ಎತ್ತರದ ಕಾಯಿಲೆಗೂ ಜಿಮ್ಮಿಗೂ ಸಂಬಂಧವೇ ಇಲ್ಲ. ಗಟ್ಟಿಮುಟ್ಟಾಗಿರುವ ಹುಡುಗರೇ ಅವಸರ ಮಾಡಿ ಜಾಸ್ತಿ ಮಲಗಿಬಿಡುತ್ತಾರೆ.

ಲೇನಲ್ಲಿ ಇಳಿದ ಮೇಲೆ ಕನಿಷ್ಠ ಎರಡು ಪೂರ್ತಿ ದಿನ ಸುಮ್ನೆ ಇರಿ. ಮೂರನೇ ದಿನ ಊರ ಸುತ್ತ ಸಣ್ಣ ಸವಾರಿ. ಖರ್ದುಂಗ್ ಲಾ ಅದರ ಆಚೆಗೆ. ತಲೆನೋವಿನ ಜೊತೆ ವಾಂತಿ, ತೂರಾಟ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕೆಳಗಿಳಿಯುವುದೇ ಔಷಧಿ. ಎತ್ತರದ ಕಾಯಿಲೆ ಬರದಿರಲಿ ಅಂತ ಕೊಡುವ ಡಯಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ. ರಜೆ ಸಿಗಲ್ಲ ಅಂದರೆ ಈ ಸಲ ಕುದುರೆಮುಖದ ಕಡೆ ಹೋಗಿ, ಲೇ ಎಲ್ಲೂ ಓಡಿಹೋಗಲ್ಲ.

ಈಗ ನೀನು ಕೇಳಿದ್ದು. ನೀನು, ಸೈಕಲ್, ಬ್ಯಾಗು ಸೇರಿ 80 ಕಿಲೋ ಅಂತಿಟ್ಟುಕೋ. ಖರ್ದುಂಗ್ ಲಾದಿಂದ ಲೇಗೆ 1,850 ಮೀಟರ್ ಇಳಿತ. ಆ ಶಕ್ತಿಯೆಲ್ಲ ಶಾಖವಾದರೆ ನಾಲ್ಕು ಲೀಟರ್ ತಣ್ಣೀರು ಕುದಿಯುತ್ತದೆ. ಒಂದಷ್ಟನ್ನು ಗಾಳಿ ತಿನ್ನುತ್ತದೆ, ಉಳಿದದ್ದು ನಿನ್ನ ಅಂಗೈ ಅಗಲದ ಎರಡು ಬ್ರೇಕ್ ಡಿಸ್ಕಿಗೆ. ದಾರಿಯುದ್ದಕ್ಕೂ ಬ್ರೇಕ್ ಸವರುತ್ತಾ ಬಂದರೆ ಅವಕ್ಕೆ ತಣ್ಣಗಾಗಲು ಪುರುಸೊತ್ತೇ ಇಲ್ಲ. ಲಿವರ್ ಮೆತ್ತಗಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಹಾಗೆ ಮಾಡಬೇಡ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿ, ವೇಗ ಇಳಿಸು, ಪೂರ್ತಿ ಬಿಡು. ವಾಸನೆ ಬಂದರೆ ನಿಂತು ಟೀ ಕುಡಿ. ಬಿಸಿ ಡಿಸ್ಕಿಗೆ ನೀರು ಎರಚಬೇಡ, ಸೊಟ್ಟಗಾಗಬಹುದು.

ಬೆಟ್ಟದ ಸೈಕಲ್ಲಿನ ಕಥೆ ಶುರುವಾದದ್ದೇ ಈ ತೊಂದರೆಯಿಂದ ಅನ್ನಬಹುದು. 1976ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಉತ್ತರದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೇ ದಪ್ಪ ಟಯರಿನ ಸೈಕಲ್ಲುಗಳಲ್ಲಿ ಬೆಟ್ಟ ಇಳಿಯುವ ರೇಸ್ ಶುರುಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್. ಒಂದು ಸಲ ಇಳಿದರೆ ಗಾಲಿ ನಡುವಿನ ಹಬ್ಬಿನ ಗ್ರೀಸೆಲ್ಲ ಹೊಗೆ. ಮತ್ತೆ ಗ್ರೀಸ್ ತುಂಬಿದರೇನೇ ಇನ್ನೊಂದು ಸಲ ಇಳಿಯಲು ಆಗುತ್ತಿದ್ದದ್ದು. ಅದಕ್ಕೆ ಆ ರೇಸಿಗೆ 'ರಿಪ್ಯಾಕ್', ಅಂದರೆ ಮತ್ತೆ ತುಂಬುವುದು, ಅಂತಲೇ ಹೆಸರು ಬಿತ್ತು. ಬೆಟ್ಟದ ಸೈಕಲ್ ಕಟ್ಟಿ ಹೆಸರಾದ ಗ್ಯಾರಿ ಫಿಶರ್, ಜೋ ಬ್ರೀಜ್ ಎಲ್ಲ ಅಲ್ಲಿ ಇಳಿದವರೇ. ಬ್ರೀಜ್ ಮರುವರ್ಷವೇ ಬೆಟ್ಟಕ್ಕೆ ಅಂತ ಹೊಸದಾಗಿ ಫ್ರೇಮ್ ಕಟ್ಟಿದರು.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗಳು ಹಿಂದೆ ಮುಂದೆ ಸ್ಪ್ರಿಂಗ್ ಇರುವ ಸೈಕಲ್ಲೇ ಬೇಕು ಅಂತ ಹಟ ಹಿಡಿದಿದ್ದಾಳೆ. 15 ಸಾವಿರಕ್ಕೇ ಸಿಗುತ್ತಿದೆ. ಕೊಡಿಸಲಾ?
— ಒಬ್ಬ ತಾಯಿ, ಯಲಹಂಕ

ಉತ್ತರ: ಬೇಡಮ್ಮ. ಆ ದುಡ್ಡಿಗೆ ಬರುವ ಹಿಂದಿನ ಸ್ಪ್ರಿಂಗ್ ಅಲಂಕಾರಕ್ಕೆ ಮಾತ್ರ. ಸೈಕಲ್ ಭಾರ, ತುಳಿದರೆ ಕುಪ್ಪಳಿಸುತ್ತದೆ. ಅದೇ ದುಡ್ಡಿಗೆ ಹಿಂದೆ ಸ್ಪ್ರಿಂಗ್ ಇಲ್ಲದ, ಒಳ್ಳೆ ಡಿಸ್ಕ್ ಬ್ರೇಕ್ ಇರುವ ಸೈಕಲ್ ನೋಡಿ. ಅವಳ ಎತ್ತರಕ್ಕೆ ಸರಿಯಾದ ಫ್ರೇಮ್ ಇರಲಿ, 'ಬೆಳೀತಾಳೆ' ಅಂತ ದೊಡ್ಡದು ಬೇಡ. ಉಳಿದದ್ದಕ್ಕೆ ಹೆಲ್ಮೆಟ್ಟು, ಗ್ಲೌಸು. ಅವಲಹಳ್ಳಿ ಕಾಡು ನಿಮಗೆ ಹತ್ತಿರ. ಆದರೆ ಅದು ಅರಣ್ಯ ಇಲಾಖೆಯ ಜಾಗ, ಸೈಕಲ್ ಬಿಡುತ್ತಾರಾ ಅಂತ ವಿಚಾರಿಸಿಕೊಂಡೇ ಕರೆದುಕೊಂಡು ಹೋಗಿ. ಗಾರ್ಡ್ ಬೇಡ ಅಂದರೆ ವಾದ ಬೇಡ.

ಪ್ರಶ್ನೆ: ವಾರಕ್ಕೆ ಎರಡು ಪಂಕ್ಚರ್! ಎಲ್ಲ ಮುಳ್ಳಿನಿಂದಲೇ. ಏನು ಮಾಡಲಿ?
— ಕೆಂಗೇರಿಯ ಓದುಗ

ಉತ್ತರ: ನೆಗ್ಗಿಲು ಮುಳ್ಳು ಇರಬೇಕು. ಹಳದಿ ಹೂವು ಬಿಟ್ಟು ನೆಲಕ್ಕೇ ಹರಡುವ ಬಳ್ಳಿ. ಅದರ ಕಾಯಿ ಒಣಗಿದರೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಮೋಆಬ್ ಕಡೆಯವರು 'ಗೋಟ್‌ಹೆಡ್' ಅಂತ ಶಪಿಸುವುದು ಇದೇ ಗಿಡವನ್ನು. ಅಷ್ಟು ದೂರ ಹೋಗಿ ಬಾಡಿಗೆ ಸೈಕಲ್ಲಿನ ಟಯರಿನಲ್ಲಿ ನಮ್ಮೂರ ನೆಗ್ಗಿಲು ಕಂಡಾಗ ನೆಂಟರು ಸಿಕ್ಕ ಹಾಗಾಗಿತ್ತು.

ರಿಮ್ಮು, ಟಯರು ಒಪ್ಪಿದರೆ ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ (ತೂತು ತಾನೇ ಮುಚ್ಚುವ ದ್ರವ) ಹಾಕಿಸಿ. ನಮ್ಮ ಸೆಖೆಗೆ ಅದು ಮೂರ್ನಾಲ್ಕು ತಿಂಗಳಲ್ಲಿ ಒಣಗುತ್ತದೆ, ಆಗಾಗ ಟಯರ್ ಅಲ್ಲಾಡಿಸಿ ಗುಳುಗುಳು ಸದ್ದು ಬರುತ್ತಾ ನೋಡಿ. ಸದ್ದಿಲ್ಲ ಅಂದರೆ ಮತ್ತೆ ಹಾಕಿಸಿ. ದಾರಿಯಲ್ಲಿ ಮುಳ್ಳು ಚುಚ್ಚಿದ್ದು ಕಂಡರೆ ತಕ್ಷಣ ಕೀಳಬೇಡಿ. ಮೊದಲು ಪಂಪ್ ಕೈಗೆ ತೆಗೆದುಕೊಳ್ಳಿ. ಆಮೇಲೆ ಮುಳ್ಳು ಕಿತ್ತು, ತೂತು ನೆಲದ ಕಡೆ ಬರುವ ಹಾಗೆ ಗಾಲಿ ತಿರುಗಿಸಿ ಒಂದು ನಿಮಿಷ ಹಿಡಿದಿರಿ. ಬಿಳಿ ಹನಿ ಒಂದೆರಡು ಬುರುಗಾಗಿ ಆಚೆ ಬಂದು ನಿಲ್ಲುತ್ತದೆ. ಎರಡು ಸಲ ಪಂಪ್ ಹೊಡೆದು ಹೊರಡಿ.