ಅಮೆರಿಕದಲ್ಲಿ ರೈಲು ಮಾರ್ಗ ಮುಚ್ಚುವುದನ್ನು ರಾಜ್ಯ ಸರ್ಕಾರ ತಡೆಯಬಹುದೇ?

ನೇರವಾಗಿ ತಡೆಯಲಾಗದು. ಅಂತರರಾಜ್ಯ ಜಾಲಕ್ಕೆ ಸೇರಿದ ಮಾರ್ಗವಾದರೆ ಅಧಿಕಾರ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ ಎಂಬ ಫೆಡರಲ್ (ಕೇಂದ್ರ) ಮಂಡಳಿಯದು. ಈ ಮಂಡಳಿ ಬರುವ ಮೊದಲೇ, 1981ರಲ್ಲಿ, ಅಯೋವಾದ ಇಟ್ಟಿಗೆ ಕಂಪನಿಯೊಂದು 'ವ್ಯಾಗನ್ ಕೊಡುತ್ತಿಲ್ಲ' ಎಂದು ರಾಜ್ಯದ ಕಾನೂನಿನಡಿ, ಮಾರ್ಗ ಮುಚ್ಚಿದ ರೈಲ್ವೆ ಮೇಲೆ ಹೂಡಿದ್ದ ದಾವೆಗೆ ಸುಪ್ರೀಂ ಕೋರ್ಟ್ ಅವಕಾಶ ಕೊಡಲಿಲ್ಲ.

ಎರಡು ವರ್ಷ ಸ್ಥಳೀಯ ಸರಕು ಸಾಗಣೆಯೇ ಇಲ್ಲದ ಮಾರ್ಗಕ್ಕೆ ಸುಲಭದ ದಾರಿಯಿದೆ. ಪೂರ್ಣ ಅನುಮತಿ ಪ್ರಕ್ರಿಯೆಯಿಂದ ವಿನಾಯಿತಿ ಪಡೆಯಲು ಕಂಪನಿ ಮಂಡಳಿಗೆ ನೋಟಿಸ್ ಸಲ್ಲಿಸುತ್ತದೆ. ಅದಕ್ಕೆ ಕನಿಷ್ಠ 10 ದಿನ ಮೊದಲು ಸಾರಿಗೆಯಂಥ ಸಾರ್ವಜನಿಕ ಸೇವೆಗಳನ್ನು ನೋಡಿಕೊಳ್ಳುವ ರಾಜ್ಯದ ಆಯೋಗಕ್ಕೆ ತಿಳಿಸಬೇಕು. ತಡೆ ಸಿಗದಿದ್ದರೆ, ಕೇಂದ್ರ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟವಾದ 30 ದಿನಕ್ಕೆ ಅದು ಜಾರಿಗೆ ಬರುತ್ತದೆ. ಈ ಅವಧಿ ಚಿಕ್ಕದು, ರಾಜ್ಯಗಳು ಎಡವುವುದು ಇಲ್ಲೇ.

ರಾಜ್ಯದ ಕೈಯಲ್ಲಿರುವ ಗಟ್ಟಿ ಅಸ್ತ್ರ ದುಡ್ಡು. ಮಾರ್ಗ ಕೊಳ್ಳಲು ಅಥವಾ ನಷ್ಟ ತುಂಬಿಕೊಡಲು ಯಾರು ಬೇಕಾದರೂ ಮುಂದೆ ಬರಬಹುದು, ರಾಜ್ಯವೂ ಸಹ. ಬೆಲೆ ಕುದುರದಿದ್ದರೆ ಮಂಡಳಿಯೇ ನಿಗದಿ ಮಾಡುತ್ತದೆ. ಹಳೆಯ ಸೇತುವೆ, ನಿಲ್ದಾಣಗಳ ವಿಷಯದಲ್ಲಿ ರಾಜ್ಯದ ಪರಂಪರೆ ಸಂರಕ್ಷಣಾಧಿಕಾರಿಯ ಅಭಿಪ್ರಾಯ ಕೇಳಲೇಬೇಕು. ರಾಷ್ಟ್ರೀಯ ನಡಿಗೆ ದಾರಿಗಳ ಕಾಯ್ದೆಗೆ 1983ರಲ್ಲಿ ತಂದ ತಿದ್ದುಪಡಿಯಂತೆ, ಕಂಪನಿ ಒಪ್ಪಿದರೆ ಮಾತ್ರ, ಹಳಿ ತೆಗೆದು ನಡಿಗೆ-ಸೈಕಲ್ ದಾರಿ ಮಾಡಿ, ಮುಂದೆ ರೈಲಿಗೆ ಬೇಕಾದರೆ ವಾಪಸ್ ಪಡೆಯುವಂತೆ ಜಾಗ ಕಾಯ್ದಿಡಬಹುದು.

ಅನುಮತಿ ಸಿಕ್ಕಿತೆಂದರೆ ಮಾರ್ಗ ಮುಚ್ಚಿತೆಂದಲ್ಲ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಕಂಪನಿ 'ಮುಚ್ಚಿದ್ದೇವೆ' ಎಂಬ ನೋಟಿಸ್ ಸಲ್ಲಿಸಬೇಕು. ಗಡುವು ವಿಸ್ತರಿಸಿಕೊಳ್ಳದೆ ಬಿಟ್ಟರೆ ಅನುಮತಿ ತಾನಾಗಿಯೇ ರದ್ದು.