75 ಪದ ಓದಿ ಗೋಲ ತುಂಬುವವರಿಗೆ

ಚುನಾವಣೆ ಹತ್ತಿರ ಬಂತೆಂದರೆ ಕ್ಯಾಲಿಫೋರ್ನಿಯಾದ ಕನ್ನಡಿಗರಿಂದ ಬ್ಯಾಲಟ್ ಬಗ್ಗೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ನೋಂದಣಿ ಹೇಗೆ, ಲಕೋಟೆ ಎಲ್ಲಿ ಹಾಕಬೇಕು ಎಂಬುದಕ್ಕೆ ಇಲ್ಲಿ ಉತ್ತರ ಹುಡುಕಬೇಡಿ.

ಪ್ರಶ್ನೆ: ಬ್ಯಾಲಟ್‌ನ ಕೊನೆಯಲ್ಲಿ ಮೆಷರ್ ಎ, ಮೆಷರ್ ಬಿ ಎಂದು ಮತಕ್ಕೆ ಹಾಕಿದ ಸ್ಥಳೀಯ ಪ್ರಸ್ತಾವಗಳು ಬರುತ್ತವೆ. ಅಲ್ಲೇ ನಾಲ್ಕೈದು ಸಾಲಿನ ಪ್ರಶ್ನೆ ಇರುತ್ತದೆ. ಅಷ್ಟು ಓದಿ ‘ಯೆಸ್’ ಅಥವಾ ‘ನೋ’ ಎದುರಿನ ಗೋಲ ತುಂಬಿದರೆ ಸಾಲದೇ? ಜತೆಗೆ ಬರುವ ಪುಸ್ತಕದ ತುಂಬ ಚಾರ್ಟರ್, ಅಂದರೆ ಕೌಂಟಿಯ (ಜಿಲ್ಲೆಯ) ಮೂಲ ಕಾನೂನಿನ, ತಿದ್ದುಪಡಿಯ ಪಠ್ಯ. ಅದನ್ನು ಲಾಯರುಗಳು ನೋಡಿಕೊಳ್ಳುತ್ತಾರೆ ಎನ್ನುತ್ತಾರೆ ಗೆಳೆಯರು.

ಸಾಲದು. ಆ ಗೆಳೆಯರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ.

ಆ ನಾಲ್ಕೈದು ಸಾಲು ಬರೆಯುವವರು ಯಾರು? ಕೌಂಟಿಯ ಚಾರ್ಟರ್ ತಿದ್ದುಪಡಿ ಎರಡು ದಾರಿಯಲ್ಲಿ ಬ್ಯಾಲಟ್‌ಗೆ ಬರಬಹುದು: ಮತದಾರರು ಸಹಿ ಸಂಗ್ರಹಿಸಿ ತರುವುದು ಒಂದು, ಕೌಂಟಿಯ ಚುನಾಯಿತ ಆಡಳಿತ ಮಂಡಳಿಯಾದ ಬೋರ್ಡ್ ಆಫ್ ಸೂಪರ್‌ವೈಸರ್ಸ್ ತಾನೇ ತರುವುದು ಇನ್ನೊಂದು. ಬೋರ್ಡೇ ತಂದಾಗ, ಅದು ಗೆಲ್ಲಲಿ ಎಂದು ಬಯಸುವವರೇ ಪ್ರಶ್ನೆಯ ಮಾತುಗಳನ್ನೂ ಆರಿಸುತ್ತಾರೆ. ಮಿತಿ 75 ಪದ. ಪ್ರಶ್ನೆ ಸತ್ಯವಾಗಿರಬೇಕು, ನಿಷ್ಪಕ್ಷಪಾತವಾಗಿರಬೇಕು ಎಂದು ಕಾನೂನು ಹೇಳುತ್ತದೆ. ಹೇಳುತ್ತಲೇ ಇದೆ. ಮದುವೆ ದಲ್ಲಾಳಿ ವರನ ಗುಣ ವರ್ಣಿಸಿದ ಹಾಗೆ, ಹೇಳಿದ್ದರಲ್ಲಿ ಸುಳ್ಳಿಲ್ಲ, ಬಿಟ್ಟದ್ದರಲ್ಲಿ ಇದೆ ವಿಷಯ.

ಬಿಟ್ಟು ಹೋದದ್ದು ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಲಾಸ್ ಏಂಜಲೀಸ್ ಕೌಂಟಿಯ ಮೆಷರ್ ಜಿ ನೋಡಿ. 2024ರ ನವೆಂಬರ್‌ನಲ್ಲಿ ಕೂದಲೆಳೆಯಷ್ಟು ಅಂತರದಲ್ಲಿ, ಶೇಕಡಾ 51 ಚಿಲ್ಲರೆ ಮತಗಳಿಂದ ಗೆದ್ದ ಚಾರ್ಟರ್ ತಿದ್ದುಪಡಿ ಅದು. ಕೌಂಟಿಯ ಜನಸಂಖ್ಯೆ ಹತ್ತಿರ ಹತ್ತಿರ ಒಂದು ಕೋಟಿ, ಸೂಪರ್‌ವೈಸರ್‌ಗಳು ಐದೇ ಜನ. ಅವರನ್ನು ಒಂಬತ್ತಕ್ಕೆ ಏರಿಸುವುದು, ಮತದಾರರೇ ಆರಿಸುವ ಕೌಂಟಿ ಎಕ್ಸಿಕ್ಯೂಟಿವ್ (ಆಡಳಿತದ ಮುಖ್ಯಸ್ಥರ) ಹುದ್ದೆ, ಒಂದು ಎಥಿಕ್ಸ್ ಕಮಿಷನ್, ಇವು ಅದರಲ್ಲಿದ್ದವು. ಪ್ರಶ್ನೆಯಲ್ಲೂ ಇವೇ ಇದ್ದವು. ಪರ ವಿರೋಧದ ಜಗಳ ನಡೆದದ್ದೂ ಇವುಗಳ ಮೇಲೆಯೇ.

ಯಾರೂ ಜಗಳವಾಡದ ಇನ್ನೊಂದು ಸಂಗತಿ ಒಳಗೆ ಕೂತಿತ್ತು. 2020ರಲ್ಲಿ ಅದೇ ಕೌಂಟಿಯ ಮತದಾರರು ಮೆಷರ್ ಜೆ ಎಂಬ ತಿದ್ದುಪಡಿಯನ್ನು ಒಪ್ಪಿದ್ದರು. ಕೌಂಟಿಯ ಸ್ವಂತ, ನಿರ್ಬಂಧವಿಲ್ಲದ ಆದಾಯದಲ್ಲಿ ಕನಿಷ್ಠ ಶೇಕಡಾ 10 ಭಾಗವನ್ನು ಸಮುದಾಯದ ಕೆಲಸಗಳಿಗೆ, ಜೈಲಿಗೆ ಪರ್ಯಾಯವಾದ ವ್ಯವಸ್ಥೆಗಳಿಗೆ ಮೀಸಲಿಡಬೇಕು ಎಂಬುದು ಅದರ ಸಾರ. 2021ರಲ್ಲಿ ಕೆಳ ಕೋರ್ಟು ಅದನ್ನು ರದ್ದು ಮಾಡಿತು, 2023ರಲ್ಲಿ ಮೇಲ್ಮನವಿ ಕೋರ್ಟು ಮೆಷರ್ ಜೆಯನ್ನು ಎತ್ತಿ ಹಿಡಿಯಿತು. ಆದರೆ ಕೌಂಟಿಯ ಅಧಿಕೃತ ಚಾರ್ಟರ್ ಪ್ರತಿಯಲ್ಲಿ ಅದನ್ನು ಸೇರಿಸುವ ಕೆಲಸ ಆಗಲೇ ಇಲ್ಲ. ಮೆಷರ್ ಜಿ ಬರೆದವರು ಆ ಹಳೆಯ ಪ್ರತಿಯನ್ನೇ ಮುಂದಿಟ್ಟುಕೊಂಡು ಹೊಸ ಪಠ್ಯ ಬರೆದರು. ಹಳೆಯದರಲ್ಲಿ ಜೆ ಇಲ್ಲ, ಹೊಸದರಲ್ಲೂ ಇಲ್ಲ. ಹೊಸದು ಹಳೆಯದರ ಜಾಗಕ್ಕೆ ಬರುತ್ತದೆ. ಅಂದರೆ 2028ರಲ್ಲಿ ಅದು ಜಾರಿಗೆ ಬಂದ ದಿನ ಮೆಷರ್ ಜೆ ಚಾರ್ಟರ್‌ನಿಂದ ಮಾಯವಾಗುವ ಹಾಗಾಯಿತು. ಮತ ಹಾಕಿದವರಿಗೆ ಗೊತ್ತಿಲ್ಲ, ಹಾಕಿಸಿದವರಿಗೂ ಗೊತ್ತಿಲ್ಲ. 2025ರ ಬೇಸಿಗೆಯಲ್ಲಿ ಒಂದು ಪುಟ್ಟ ನಗರದ ಮಾಜಿ ಕೌನ್ಸಿಲ್ ಸದಸ್ಯರೊಬ್ಬರು ಕೂತು ಓದಿದ ಮೇಲೆ ಬೆಳಕಿಗೆ ಬಂತು. ಲಾಯರುಗಳು ನೋಡಿಕೊಳ್ಳುತ್ತಾರೆ ಎಂದಿರಲ್ಲ, ನೋಡಿಕೊಂಡದ್ದು ಹೀಗೆ.

ಹಾಗಾದರೆ ಹೇಗೆ ಓದಬೇಕು? ಮೊದಲಿನಿಂದ ಕೊನೆಯವರೆಗೆ ಅಲ್ಲ. ಪುಸ್ತಕದಲ್ಲಿ ಮೊದಲು ಸಿಗುವುದು ಕೌಂಟಿ ಕೌನ್ಸೆಲ್ (ಕೌಂಟಿಯ ವಕೀಲರ ಕಚೇರಿ) ಬರೆದ 500 ಪದದೊಳಗಿನ ವಿಶ್ಲೇಷಣೆ. ಈಗಿನ ಕಾನೂನು ಏನು, ಮೆಷರ್ ಏನು ಬದಲಿಸುತ್ತದೆ ಎಂದು ಅದರಲ್ಲಿ ಇರಲೇಬೇಕು. ಓದಿ, ಆದರೆ ಒಂದು ಮಾತು ನೆನಪಿರಲಿ: ಬೋರ್ಡಿನ ಮೆಷರನ್ನು ಬರೆದುಕೊಡುವುದೂ ಸಾಮಾನ್ಯವಾಗಿ ಅದೇ ಕಚೇರಿ. ತಾನು ಗಮನಿಸದೆ ಬಿಟ್ಟದ್ದು ಅದರ ವಿಶ್ಲೇಷಣೆಯಲ್ಲಿ ಬರುವುದು ಹೇಗೆ? ಪರ ವಿರೋಧ ವಾದಗಳು ತಲಾ 300 ಪದ, ಮರು ಉತ್ತರಗಳು 250. ಅವುಗಳಲ್ಲಿ ವಾದಕ್ಕಿಂತ ಕೆಳಗಿನ ಸಹಿಗಳನ್ನು ನೋಡಿ. ವಿರೋಧ ವಾದವೇ ಇಲ್ಲದಿದ್ದರೆ ವಿರೋಧವೇ ಇಲ್ಲ ಎಂದು ತಿಳಿಯಬೇಡಿ, ಗಡುವಿನೊಳಗೆ ಯಾರೂ ಬರೆದುಕೊಡಲಿಲ್ಲ ಎಂದಷ್ಟೇ ಅರ್ಥ.

ಆಮೇಲೆ ಪೂರ್ಣ ಪಠ್ಯ. ರೂಢಿಯಂತೆ ಅಡಿಗೆರೆ ಇದ್ದರೆ ಸೇರಿಸಿದ್ದು, ನಡುವೆ ಗೆರೆ ಹೊಡೆದಿದ್ದರೆ ತೆಗೆದದ್ದು. ಗೆರೆ ಹೊಡೆದದ್ದನ್ನೇ ಮೊದಲು ಓದಿ, ಕಳೆದುಕೊಳ್ಳುವುದು ಅಲ್ಲಿರುತ್ತದೆ. ಇಡೀ ಸೆಕ್ಷನ್ ಅನ್ನೇ ರದ್ದು ಮಾಡಿ ಹೊಸದಾಗಿ ಬರೆದಿದ್ದಾರೋ ನೋಡಿ. ಹಾಗಿದ್ದರೆ ಗೆರೆಗಳನ್ನು ನಂಬಬೇಡಿ, ಅಲ್ಲಿ ಅಚ್ಚಾಗಿಲ್ಲದ್ದೆಲ್ಲ ಹೋದಂತೆ. ಕೌಂಟಿಯ ಜಾಲತಾಣದಲ್ಲಿ ಈಗಿನ ಚಾರ್ಟರ್ ಸಿಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಆ ಸೆಕ್ಷನ್ ಒಂದನ್ನೇ ಹೋಲಿಸಿ. ಅದೂ ಸಾಲದು ಎಂದು ಲಾಸ್ ಏಂಜಲೀಸ್ ತೋರಿಸಿಕೊಟ್ಟಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಯಾವ ಚಾರ್ಟರ್ ತಿದ್ದುಪಡಿಗಳು ಗೆದ್ದಿವೆ ಎಂದು ರಿಜಿಸ್ಟ್ರಾರ್ (ಕೌಂಟಿಯ ಚುನಾವಣಾಧಿಕಾರಿ) ಪ್ರಕಟಿಸುವ ಫಲಿತಾಂಶಗಳಲ್ಲಿ ನೋಡಿ, ಅವೆಲ್ಲ ಆ ಪ್ರತಿಯಲ್ಲಿ ಇವೆಯೇ ಎಂದು ತಾಳೆ ಹಾಕಿ. ಅರ್ಧ ಗಂಟೆಯ ಕೆಲಸ.

ಇನ್ನು ‘ಶ್ಯಾಲ್’ ಮತ್ತು ‘ಮೇ’. ಮೊದಲನೆಯದು ಮಾಡಲೇಬೇಕು ಎಂದು, ಎರಡನೆಯದು ಮನಸ್ಸಿದ್ದರೆ ಮಾಡಬಹುದು ಎಂದು. ಪ್ರಚಾರದ ಕರಪತ್ರದಲ್ಲಿ ಎರಡೂ ‘ಮಾಡುತ್ತದೆ’ ಎಂದೇ ಆಗಿರುತ್ತವೆ. ತಾರೀಖುಗಳು ಪಠ್ಯದ ಕೊನೆಯಲ್ಲಿ ಅಡಗಿರುತ್ತವೆ: ಮೆಷರ್ ಜಿಯಲ್ಲಿ ಎಥಿಕ್ಸ್ ಕಮಿಷನ್ 2026ಕ್ಕೆ, ಎಕ್ಸಿಕ್ಯೂಟಿವ್ ಆಯ್ಕೆ 2028ಕ್ಕೆ, ಒಂಬತ್ತು ಸೂಪರ್‌ವೈಸರ್‌ಗಳು 2032ಕ್ಕೆ. ನಾಳೆಯೇ ಎಲ್ಲ ಬದಲಾಗುತ್ತದೆ ಎಂದು ಗೋಲ ತುಂಬಿದವರು ಕಾಯಬೇಕಾದದ್ದು ಎಂಟು ವರ್ಷ. ತೆರಿಗೆ ಮೆಷರ್ ಆದರೆ ದರ, ವರ್ಷಕ್ಕೆ ಬರುವ ಮೊತ್ತ, ಅವಧಿ ಮೂರೂ ಪ್ರಶ್ನೆಯಲ್ಲೇ ಇರಬೇಕು. ಅವಧಿಯ ಜಾಗದಲ್ಲಿ ‘ಮತದಾರರು ಕೊನೆಗೊಳಿಸುವ ತನಕ’ ಎಂದಿದ್ದರೆ, ಕೊನೆಯಿಲ್ಲ ಎಂದು ಓದಿಕೊಳ್ಳಿ. ಕೊನೆಗೊಳಿಸುವ ಮೆಷರ್ ತಾನಾಗಿ ಬ್ಯಾಲಟ್‌ಗೆ ಬರುವುದಿಲ್ಲ.

ತಪ್ಪು ಕಂಡರೆ ದೂರುವುದಕ್ಕೂ ಸಮಯ ಇದೆ. ಬೋರ್ಡು ಚುನಾವಣೆಗೆ 88 ದಿನ ಮುಂಚೆ ಮೆಷರನ್ನು ಬ್ಯಾಲಟ್‌ಗೆ ಕಳಿಸಿರಬೇಕು. ಆಮೇಲೆ ಅಚ್ಚಿಗೆ ಹೋಗುವ ಮುಂಚೆ ವಿಶ್ಲೇಷಣೆ, ವಾದಗಳನ್ನು 10 ದಿನ ಸಾರ್ವಜನಿಕ ಪರಿಶೀಲನೆಗೆ ಇಡುತ್ತಾರೆ. ಆ ಹತ್ತು ದಿನದಲ್ಲಿ ಯಾವ ಮತದಾರರಾದರೂ ಕೋರ್ಟಿಗೆ ಹೋಗಿ ಸುಳ್ಳು ಅಥವಾ ದಾರಿ ತಪ್ಪಿಸುವ ಮಾತನ್ನು ತೆಗೆಸಬಹುದು. ರುಜುವಾತು ಗಟ್ಟಿಯಾಗಿರಬೇಕು. ಅಕ್ಟೋಬರ್‌ನಲ್ಲಿ ಪುಸ್ತಕ ಕೈಗೆ ಬಂದ ಮೇಲೆ ವಾಟ್ಸಾಪ್‌ನಲ್ಲಿ ಕೂಗಾಡಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಸ್ಯಾನ್ ರಮೋನ್‌ನಲ್ಲಿದ್ದೇವೆ. ನಮ್ಮ ಬ್ಯಾಲಟ್‌ನಲ್ಲಿ ಚಾರ್ಟರ್ ತಿದ್ದುಪಡಿ ಯಾಕೆ ಬರುವುದಿಲ್ಲ? ಪಕ್ಕದ ಡಬ್ಲಿನ್‌ನವರಿಗೆ ಬಂದಿತ್ತು.

ನಿಮ್ಮ ಕಾಂಟ್ರಾ ಕೋಸ್ಟಾ ಕೌಂಟಿಗೆ ಚಾರ್ಟರೇ ಇಲ್ಲ. ರಾಜ್ಯದ 58 ಕೌಂಟಿಗಳಲ್ಲಿ ಚಾರ್ಟರ್ ಇರುವುದು 14ಕ್ಕೆ. ಉಳಿದವು ನಮ್ಮ ಜಿಲ್ಲಾ ಪಂಚಾಯಿತಿಗಳ ಹಾಗೆ, ರಾಜ್ಯ ಮಾಡಿದ ಕಾನೂನಿನಂತೆ ನಡೆಯುತ್ತವೆ. ಡಬ್ಲಿನ್ ಇರುವುದು ಅಲಮೀಡಾ ಕೌಂಟಿಯಲ್ಲಿ, ಅದಕ್ಕೆ ಚಾರ್ಟರ್ ಇದೆ. 2024ರ ಮಾರ್ಚ್‌ನಲ್ಲಿ ಅವರು ಮತ ಹಾಕಿದ ಮೆಷರ್ ಬಿ, ಚಾರ್ಟರ್‌ನಲ್ಲಿದ್ದ ಹಳೆಯ ರೀಕಾಲ್ (ಗೆದ್ದವರನ್ನು ಮತದಾರರೇ ಕೆಳಗಿಳಿಸುವ) ನಿಯಮಗಳನ್ನು ತೆಗೆದು ರಾಜ್ಯದ ನಿಯಮಗಳನ್ನು ತಂದಿತು. ಸಹಿಗಳ ಪರಿಶೀಲನೆಗೆ ಹಳೆಯ ಚಾರ್ಟರ್ ಕೊಟ್ಟಿದ್ದ ಸಮಯ ಬರೀ ಹತ್ತು ದಿನ.

ಪ್ರಶ್ನೆ: ಸ್ಯಾನ್ ಮಟೇಯೊ ಕೌಂಟಿಯಲ್ಲಿ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಹುದ್ದೆಯ ಚುನಾವಣೆಯನ್ನೇ ರದ್ದು ಮಾಡಿದರಂತೆ, ನಿಜವೇ?

ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಆಗುವ ಕೆಲಸವೂ ಅಲ್ಲ. ಚಾರ್ಟರ್ ಇದ್ದರೂ ಕೌಂಟಿಗೆ ಚುನಾಯಿತ ಶೆರಿಫ್, ಚುನಾಯಿತ ಡಿಸ್ಟ್ರಿಕ್ಟ್ ಅಟಾರ್ನಿ, ಆಸ್ತಿಗೆ ಮೌಲ್ಯ ಕಟ್ಟುವ ಚುನಾಯಿತ ಅಸೆಸರ್ ಇರಬೇಕೆಂದು ರಾಜ್ಯ ಸಂವಿಧಾನವೇ ಹೇಳುತ್ತದೆ. 2025ರ ಮಾರ್ಚ್ 4ರಂದು ಅಲ್ಲಿ ಗೆದ್ದ ಮೆಷರ್ ಎ ಮಾಡಿದ್ದು ಇಷ್ಟು: ಕಾರಣ ಕೊಟ್ಟು, ವಿಚಾರಣೆ ನಡೆಸಿ, ಐವರಲ್ಲಿ ನಾಲ್ವರು ಸೂಪರ್‌ವೈಸರ್‌ಗಳು ಒಪ್ಪಿದರೆ ಶೆರಿಫ್ ಅನ್ನು ತೆಗೆಯಬಹುದು. ಆ ಅಧಿಕಾರವೂ 2028ರ ಕೊನೆಯವರೆಗೆ ಮಾತ್ರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೋರ್ಡು ಅದನ್ನು ಬಳಸಿಯೂ ಆಯಿತು. ಈ ಗಾಳಿಸುದ್ದಿಯ ಮೂಲ ಬಹುಶಃ ಸಿಯಾಟಲ್ ಕಡೆಯದು. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ 2020ರಲ್ಲಿ ಚಾರ್ಟರ್ ತಿದ್ದಿ ಶೆರಿಫ್ ಅನ್ನು ನೇಮಕದ ಹುದ್ದೆ ಮಾಡಿತು. ಸಿಯಾಟಲ್ ಪಕ್ಕದ ಬೆಲ್ವ್ಯೂ ನೆಂಟರ ಫಾರ್ವರ್ಡ್ ಅನ್ನು ಸ್ಯಾನ್ ಮಟೇಯೊ ಕೌಂಟಿಯ ಫಾಸ್ಟರ್ ಸಿಟಿಯಲ್ಲಿ ನಂಬಬೇಡಿ, ರಾಜ್ಯ ಬೇರೆಯಾದರೆ ಸಂವಿಧಾನವೂ ಬೇರೆ.

ಪ್ರಶ್ನೆ: ಶೇಕಡಾ 60 ಮತ ಬಿದ್ದರೂ ಮೆಷರ್ ಸೋತಿತು. ಇದು ಮೋಸವಲ್ಲವೇ?

ಮೋಸ ಅಲ್ಲ, 1978ರ ಪ್ರಾಪೊಸಿಷನ್ 13, ತೆರಿಗೆಗೆ ಕಡಿವಾಣ ಹಾಕಿದ ರಾಜ್ಯ ಸಂವಿಧಾನದ ತಿದ್ದುಪಡಿ. ನಿರ್ದಿಷ್ಟ ಉದ್ದೇಶಕ್ಕೆ ಬೋರ್ಡು ಕೇಳುವ ತೆರಿಗೆಗೆ ಮೂರನೇ ಎರಡು ಭಾಗ ಬೇಕು. ಕೌಂಟಿ, ನಗರಗಳ ಬಾಂಡ್‌ಗೂ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲಕ್ಕೂ, ಅಷ್ಟೇ. ಶಾಲಾ ಬಾಂಡ್‌ಗೆ 2000ದಿಂದ ಶೇಕಡಾ 55 ಸಾಕು. ಚಾರ್ಟರ್ ತಿದ್ದುಪಡಿಗೆ, ಸಾಮಾನ್ಯ ನಿಧಿಗೆ ಹೋಗುವ ತೆರಿಗೆಗೆ ಬರೀ ಬಹುಮತ. ಇದರಲ್ಲೇ ಚಾಣಾಕ್ಷತನ ಇರುವುದು: ಸಾಂಟಾ ಕ್ಲಾರಾ ಕೌಂಟಿಯ 2025ರ ಮೆಷರ್ ಎ, ಐದು ವರ್ಷದ, ಡಾಲರ್‌ಗೆ ಒಂದು ಸೆಂಟಿನ ಎಂಟನೇ ಐದು ಭಾಗದ ಮಾರಾಟ ತೆರಿಗೆ, ಪ್ರಚಾರದ ತುಂಬ ಆಸ್ಪತ್ರೆ ಎಂದಿತು, ಕಾನೂನಿನ ಲೆಕ್ಕದಲ್ಲಿ ಅದು ಸಾಮಾನ್ಯ ತೆರಿಗೆ. ಬಹುಮತದಲ್ಲೇ ಗೆದ್ದಿತು. ಆಸ್ಪತ್ರೆಗೇ ಖರ್ಚು ಮಾಡಬಹುದು, ಮಾಡಲೇಬೇಕು ಎಂದು ಕಟ್ಟುಪಾಡಿಲ್ಲ. ಕೆಟ್ಟ ಮೆಷರ್ ಎನ್ನುತ್ತಿಲ್ಲ, ಏನಕ್ಕೆ ಒಪ್ಪಿದಿರಿ ಎಂಬುದು ಗೊತ್ತಿರಲಿ.

ಪ್ರಶ್ನೆ: ಬಾಂಡ್‌ನ ದರ ‘ಲಕ್ಷ ಡಾಲರ್‌ಗೆ 30’ ಎಂದಿದೆ. ನಮ್ಮ ಮನೆ 20 ಲಕ್ಷ ಡಾಲರ್ ಬೆಲೆ ಬಾಳುತ್ತದೆ. ವರ್ಷಕ್ಕೆ 600 ಡಾಲರ್ ಆಗುತ್ತದೆಯೇ?

ಮಾರುಕಟ್ಟೆ ಬೆಲೆ ಮರೆತುಬಿಡಿ. ಆಸ್ತಿ ತೆರಿಗೆ ಬಿಲ್ಲಿನಲ್ಲಿರುವ ಅಸೆಸ್ಡ್ ಮೌಲ್ಯ ನೋಡಿ. ಅದು ಕೊಂಡ ಬೆಲೆಯಿಂದ ವರ್ಷಕ್ಕೆ ಹೆಚ್ಚೆಂದರೆ ಶೇಕಡಾ 2 ಏರುತ್ತದೆ. ಅಲ್ಲಿ 12 ಲಕ್ಷ ಎಂದಿದ್ದರೆ 12 ಸಲ 30, ಅಂದರೆ 360. ಹೋದ ವರ್ಷ ಅಂಥದೇ ಮನೆ 20 ಲಕ್ಷಕ್ಕೆ ಕೊಂಡ ಎದುರುಮನೆಯವರಿಗೆ 600. ಆ ದರ ಅಂದಾಜು ಎಂಬುದನ್ನೂ ಮರೆಯಬೇಡಿ.

ಪ್ರಶ್ನೆ: ಗ್ರೀನ್ ಕಾರ್ಡ್ ಇದೆ, ತೆರಿಗೆ ಕಟ್ಟುತ್ತೇವೆ. ಸ್ಥಳೀಯ ಮೆಷರ್‌ಗಾದರೂ ಮತ ಹಾಕಬಹುದಲ್ಲ?

ಹಾಕಬಾರದು. ಡ್ರೈವಿಂಗ್ ಲೈಸೆನ್ಸ್ ಜತೆ ಮತದಾರರ ನೋಂದಣಿಯೂ ಆಗುವ ಡಿಎಂವಿ ಕಚೇರಿಯಲ್ಲಿ ‘ನಾನು ಅಮೆರಿಕದ ಪ್ರಜೆ’ ಎಂಬ ಚೌಕಕ್ಕೆ ಕೈತಪ್ಪಿಯೂ ಗುರುತು ಹಾಕಬೇಡಿ. ಸುಳ್ಳು ಪೌರತ್ವ ಹೇಳಿಕೆ ಇಮಿಗ್ರೇಷನ್ ಕಾನೂನಿನಲ್ಲಿ ಕ್ಷಮೆ ಸಿಗುವುದೇ ಕಷ್ಟವಾದ ತಪ್ಪು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರಜೆಗಳಲ್ಲದ ಪೋಷಕರು ಮತ ಹಾಕುತ್ತಾರಲ್ಲ ಎಂದು ವಾದಿಸುವವರಿಗೆ: ಅದು ಅಲ್ಲಿನ ಶಾಲಾ ಮಂಡಳಿಯ ಆಯ್ಕೆಗೆ ಮಾತ್ರ. ಗೊತ್ತಿಲ್ಲದೆ ನೋಂದಣಿ ಆಗಿಹೋಗಿದ್ದರೆ ಸಂಘದ ಹಿರಿಯರನ್ನು ಕೇಳಬೇಡಿ, ಇಮಿಗ್ರೇಷನ್ ವಕೀಲರನ್ನು ಕೇಳಿ.

ಪ್ರಶ್ನೆ: ಮನೆಗೆ ಬಂದ ‘ವೋಟರ್ ಗೈಡ್’ ಕಾರ್ಡಿನಂತೆ ಹಾಕಿದರೆ ಆಗದೇ?

ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದೆಯೇ? ಆ ಸಾಲಿಗೆ ದುಡ್ಡು ಕೊಟ್ಟಿದ್ದಾರೆ ಎಂದು ಅರ್ಥ. ಸಣ್ಣ ಅಕ್ಷರದಲ್ಲಿ ಅಲ್ಲೇ ಬರೆದಿರುತ್ತದೆ.

ಪ್ರಶ್ನೆ: ಗೊತ್ತಿಲ್ಲದ ಮೆಷರನ್ನು ಖಾಲಿ ಬಿಟ್ಟರೆ ಇಡೀ ಬ್ಯಾಲಟ್ ರದ್ದಾಗುತ್ತದಂತೆ.

ಇಲ್ಲ. ‘ನೋ’ ಎಂದೂ ಎಣಿಸುವುದಿಲ್ಲ. ಆ ಮೆಷರ್‌ಗೆ ಬಿದ್ದ ಮತಗಳಷ್ಟೇ ಲೆಕ್ಕ.

ಪ್ರಶ್ನೆ: ಬ್ಯಾಲಟ್ ಕಳಿಸಿದ ಮೇಲೆ ಸಹಿ ಹೊಂದುತ್ತಿಲ್ಲ ಎಂದು ಕಾಗದ ಬಂತು. ನಕಲಿ ಇರಬಹುದೇ?

ಅಸಲಿಯೇ ಇರಬೇಕು, ಲಕೋಟೆಯ ಮೇಲಿನ ರಿಜಿಸ್ಟ್ರಾರ್ ವಿಳಾಸ ನೋಡಿಕೊಳ್ಳಿ. ಡಿಎಂವಿಯ ಗಾಜಿನ ಮೇಲೆ ಗೀಚಿದ ಸಹಿ ಕಡತದಲ್ಲಿರುತ್ತದೆ, ಲಕೋಟೆಯ ಮೇಲೆ ನೀವು ಊರಿನ ಬ್ಯಾಂಕಿನ ಸಹಿ ಹಾಕಿರುತ್ತೀರಿ, ಕೆಲವರು ಕನ್ನಡದಲ್ಲಿ. ಕನ್ನಡ ಸಹಿ ತಪ್ಪಲ್ಲ, ಕಡತದಲ್ಲೂ ಕನ್ನಡದಲ್ಲೇ ಇರಬೇಕು ಅಷ್ಟೇ. ಜತೆಗಿರುವ ನಮೂನೆಗೆ ಸಹಿ ಹಾಕಿ ಅದರಲ್ಲಿ ಕೊಟ್ಟ ತಾರೀಖಿನೊಳಗೆ ಮುಟ್ಟಿಸಿ. ಫ್ರಿಜ್‌ಗೆ ಅಂಟಿಸಿ ಮರೆಯಬೇಡಿ.