15 ಜನರ ಮನೆಯಲ್ಲಿ ಕಳ್ಳ-ಫೌಜದಾರ ಆಟ ಆಡಿಸೋದು ಹೇಗೆ

ಅಕ್ಕಾರ, ದೀಪಾವಳಿಗೆ ನವನಗರದ ನಿಮ್ಮ ಮನೆಯಲ್ಲಿ 15 ಜನ ಸೇರ್ತೀರಿ, ಮಾಫಿಯಾ ಆಟ ಆಡಿಸಬೇಕು ಅಂತ ಕೇಳಿದ್ದೀರಿ. ರಾತ್ರಿ ಅಂತ ಎಲ್ಲರೂ ಕಣ್ಣು ಮುಚ್ಚಿದಾಗ ಗುಟ್ಟಾಗಿ ಕಳ್ಳರಾದವರು ಒಬ್ಬರನ್ನು 'ಕೊಂದು' ಔಟ್ ಮಾಡೋದು, ಹಗಲಲ್ಲಿ ಎಲ್ಲರೂ ಮಾತಾಡಿ ಮತ ಹಾಕಿ ಆ ಕಳ್ಳರನ್ನು ಹುಡುಕೋದು, ಇದೇ ಆ ಆಟ. ಹೋದ ವರ್ಷ ದೊಡ್ಡವರಿಗೆ ತಿಳಿಯಲಿಲ್ಲ, ಮೊದಲು ಔಟಾದವರು ಮೊಬೈಲ್ ಹಿಡಿದು ಕೂತರು, ಎರಡೇ ಸುತ್ತಿಗೆ ಕಳ್ಳರು ಯಾರು ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿತು ಅಂತ ಬರೆದಿದ್ದೀರಿ. ಧಾರವಾಡದಲ್ಲಿ ನಮ್ಮ ಮನೆಯವರು, ಬೀಗರು, ಓಣಿಯ ಹುಡುಗರು ಎಲ್ಲರಿಗೂ ನಾನು ಈ ಆಟ ಆಡಿಸಿದ್ದೀನಿ. ನಾನು ನೋಡಿದ ಮಟ್ಟಿಗೆ ಇದು ಹೆಚ್ಚಾಗಿ ಕೆಡೋದು ಆಡಿಸುವವರ ಬಾಯಿಂದಲೇ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ದೊಡ್ಡವರಿಗೆ ಮಾಫಿಯಾ ಅನ್ನೋ ಹೆಸರೇ ಬೇಡ. ರಾಜ-ಮಂತ್ರಿ-ಕಳ್ಳ-ಪೊಲೀಸ್ ಚೀಟಿ ಆಟ ನೆನಪು ಮಾಡಿಕೊಡಿ. ಅದರಲ್ಲಿ ಪೊಲೀಸ್ ಚೀಟಿ ಬಂದವರು ಎದ್ದು ಹೇಳ್ತಾರೆ, ಇದರಲ್ಲಿ ಯಾರೂ ಹೇಳೋದಿಲ್ಲ. ಅದರಲ್ಲಿ ಕಳ್ಳ ಒಬ್ಬ, ಇದರಲ್ಲಿ ಮೂವರು, ಅವರಿಗೆ ಒಬ್ಬರ ಗುರುತು ಒಬ್ಬರಿಗೆ ಇರುತ್ತೆ. ಇಷ್ಟು ಹೇಳಿದರೆ ನಮ್ಮ ಅಜ್ಜಿಗೂ ತಿಳೀತು. 1986ರ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್ ಈ ಮಾಫಿಯಾ ಆಟ ಕಟ್ಟಿದ್ದು. ಅವರ ಲೆಕ್ಕ ಇಷ್ಟೇ: ಎಲ್ಲ ಗೊತ್ತಿರುವ ಕೆಲವೇ ಜನ ಒಂದು ಕಡೆ, ಏನೂ ಗೊತ್ತಿಲ್ಲದ ಬಹಳ ಜನ ಇನ್ನೊಂದು ಕಡೆ. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಇದಕ್ಕೇ ಮನುಷ್ಯ ತೋಳದ ಕಥೆ ಹಾಕಿದರು. ಅಂದರೆ ಕಥೆ ಬದಲಾಯಿಸಿದರೆ ಆಟಕ್ಕೇನೂ ಆಗೋದಿಲ್ಲ. ನೀವೂ ಬದಲಾಯಿಸಿ.

ನಾನು ಬದಲಾಯಿಸಿದ್ದಕ್ಕೆ ಕಾರಣ ಇದೆ. ಒಂದು ಹಬ್ಬದಲ್ಲಿ ನಮ್ಮ ಅತ್ತಿಯೂ ಆಟಕ್ಕೆ ಕೂತಿದ್ದರು. ಮಾವ ತೀರಿಕೊಂಡು ಆಗ ವರ್ಷ ಆಗಿರಲಿಲ್ಲ. ಬೆಳಗಾಯಿತು ಅಂತ ಹೇಳಿ, "ರಾತ್ರಿ ಅತ್ತಿ ಸತ್ತರು" ಅಂದುಬಿಟ್ಟೆ. ಇಡೀ ಪಡಸಾಲೆ ಸುಮ್ಮನಾಯಿತು. ಅತ್ತಿ ನಕ್ಕು ಎದ್ದು ಒಳಗೆ ಹೋದರು, ಮತ್ತೆ ಬರಲಿಲ್ಲ. ಅವತ್ತಿನಿಂದ ನಮ್ಮ ಆಟದಲ್ಲಿ ಯಾರೂ ಸಾಯೋದಿಲ್ಲ. ಆಟ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ನಡೆಯುತ್ತೆ. ಎಲ್ಲರೂ ಚೀಲ ತಂದ ರೈತರು. ರಾತ್ರಿ ಕಳ್ಳರು ಒಬ್ಬರ ಚೀಲ ಹೊಡೀತಾರೆ, ಚೀಲ ಹೋದವರು ಊರಿಗೆ ವಾಪಸ್. ಹಗಲಲ್ಲಿ ಪೇಟೆಯವರು ಸೇರಿ ಒಬ್ಬರ ಮೇಲೆ ಅನುಮಾನ ಪಟ್ಟು ಹೊರಗೆ ಹಾಕ್ತಾರೆ. ಕಳ್ಳರೆಲ್ಲ ಹೊರಗೆ ಹೋದರೆ ಪೇಟೆಯವರು ಗೆದ್ದರು, ಉಳಿದವರು ಕಳ್ಳರಷ್ಟೇ ಆದರೆ ಕಳ್ಳರು ಗೆದ್ದರು. ಡಾಕ್ಟರ್ ಬದಲು ಕಾವಲುಗಾರ, ರಾತ್ರಿ ಇವರು ಯಾರನ್ನು ಕಾಯ್ತಾರೋ ಅವರ ಚೀಲ ಉಳಿಯುತ್ತೆ. ಪೊಲೀಸ್ ಬದಲು ಫೌಜದಾರ, ರಾತ್ರಿಗೆ ಒಬ್ಬರಂತೆ ಕಳ್ಳರೋ ಅಲ್ಲವೋ ಅಂತ ಆಡಿಸುವವರಿಂದ ಸನ್ನೆಯಲ್ಲಿ ತಿಳಿದುಕೊಳ್ಳುವವರು. ಫೌಜದಾರ ಅನ್ನೋ ಶಬ್ದ ಕೇಳಿದರೇ ಹಳಬರು ಖುಷಿಯಾಗ್ತಾರೆ.

ನೀವು ಆಡಿಸುವವರು, ಉಳಿದವರು 14. ಕಳ್ಳರು 3, ಫೌಜದಾರ 1, ಕಾವಲುಗಾರ 1, ರೈತರು 9. ಮೊದಲ ರಾತ್ರಿ ಕಳ್ಳತನ ಬೇಡ. ಕಳ್ಳರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ, ಫೌಜದಾರರು ಒಬ್ಬರನ್ನು ತಪಾಸಣೆ ಮಾಡಲಿ, ಸಾಕು. ಒಂದು ಮಾತೂ ಆಡದೆ ಔಟಾಗೋದು ಎಷ್ಟು ಬೇಜಾರು ಅಲ್ವಾ? ಇದರಿಂದ ಕಳ್ಳರಿಗೆ ಮೋಸ ಆಗೋದಿಲ್ಲ, ಲೆಕ್ಕ ಹಾಕಿ ನೋಡಿದ್ದೀನಿ. ಕಾವಲುಗಾರ ಯಾರನ್ನೂ ಉಳಿಸಲಿಲ್ಲ ಅಂತ ಇಟ್ಟುಕೊಂಡರೂ ಪೇಟೆಯವರು ಹಗಲಲ್ಲಿ 3 ಸಲ ತಪ್ಪು ಮಾಡಬಹುದು. 4ನೇ ಸಲವೂ ತಪ್ಪಿದರೆ ಆ ರಾತ್ರಿ ಕಳೆಯೋ ಹೊತ್ತಿಗೆ ಕಳ್ಳರು 3, ಉಳಿದವರು 3, ಕಳ್ಳರು ಗೆದ್ದರು. ಮೊದಲ ರಾತ್ರಿಯೇ ಕಳ್ಳತನ ಮಾಡಿಸಿದರೂ ಆಟ ಮುಗಿಯೋದು 4ನೇ ತಪ್ಪಿಗೇ. ನಾಲ್ಕು ಜನ ಕಡಿಮೆ ಬಂದರೆ ಕಳ್ಳರನ್ನು 2 ಮಾಡಿ.

ಯಾರು ಕಳ್ಳರು, ಯಾರು ರೈತರು ಅಂತ ಹಂಚೋದಕ್ಕೆ ಚೀಟಿ ಬರೀಬೇಡಿ. ನಾನು ನೋಟ್‌ಬುಕ್ ಹಾಳೆ ಹರಿದು ಬಾಲ್ ಪೆನ್ನಿನಲ್ಲಿ ಬರೆದಿದ್ದೆ. ನಮ್ಮ ಅಣ್ಣನ ಮಗಳು ಮಡಿಚಿದ ಚೀಟಿಯ ಬೆನ್ನ ಮೇಲೆ ಬೆರಳಾಡಿಸಿ, ಅಚ್ಚೊತ್ತಿದ ಗೆರೆಯಿಂದಲೇ ಉದ್ದ ಹೆಸರು ಯಾವುದು, ಗಿಡ್ಡ ಯಾವುದು ಅಂತ ಹೇಳಿಬಿಟ್ಟಳು. ಇಸ್ಪೀಟು ಎಲೆ ಸಾಕು. ಗುಲಾಮ 3 ಕಳ್ಳರಿಗೆ, ರಾಜ ಫೌಜದಾರರಿಗೆ, ರಾಣಿ ಕಾವಲಿಗೆ, ಅಂಕಿ ಎಲೆ 9 ರೈತರಿಗೆ. ಎಲೆ ನೋಡಿಕೊಂಡು ತೊಡೆ ಕೆಳಗೆ ಇಟ್ಟುಕೊಳ್ಳಲಿ. ಆಟ ಮುಗಿಯೋವರೆಗೆ ಯಾರೂ ತೋರಿಸಬಾರದು.

ಇನ್ನು ರಾತ್ರಿ. ನಿಮ್ಮ ಆಟ ಹೋದ ವರ್ಷ ಇಲ್ಲೇ ಕೆಟ್ಟಿರಬೇಕು ಅನಿಸುತ್ತೆ. ಎಲ್ಲರೂ ಕಣ್ಣು ಮುಚ್ಚಿದ್ದಾರೆ, ನೀವು ಫೌಜದಾರರನ್ನು ಎಬ್ಬಿಸಬೇಕು. ಎದುರಿಗೆ ಕೂತವರು ಕಾಕಾ ಆಗಿದ್ದರೆ ಬಾಯಲ್ಲಿ ತಾನಾಗಿ "ಫೌಜದಾರ್ರ, ಕಣ್ಣು ತೆಗೀರಿ" ಅಂತ ಬರುತ್ತೆ. ತಂಗಿ ಆಗಿದ್ದರೆ "ಕಣ್ಣು ತೆಗಿ". ತಮ್ಮ ಆಗಿದ್ದರೆ "ತೆಗಿಯೋ". ಅಷ್ಟಕ್ಕೇ ಮುಗೀತು! ಹೆಣ್ಣೋ ಗಂಡೋ, ದೊಡ್ಡವರೋ ಸಣ್ಣವರೋ ಎಲ್ಲ ಗೊತ್ತಾಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದವೇ ಚಾಡಿ ಹೇಳುತ್ತೆ. ಹಾಗಾಗಿ ಕಳ್ಳರಿಗೂ, ಕಾವಲಿಗೂ, ಹತ್ತು ವರ್ಷದ ಹುಡುಗನಿಗೂ 'ರಿ' ಹಚ್ಚಿಯೇ ಮಾತಾಡಿ. ಹೇಳಬೇಕಾದ ಸಾಲುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು, ಪ್ರತಿ ರಾತ್ರಿ ಅದನ್ನೇ ಅಕ್ಷರ ಬದಲಿಸದೆ ಓದಿ. ಅದೇ ಹಾಳೆಯ ಹಿಂದೆ ಯಾರಿಗೆ ಯಾವ ಎಲೆ, ಯಾವ ರಾತ್ರಿ ಏನಾಯಿತು ಅಂತ ಗುರುತು ಹಾಕುತ್ತಾ ಹೋಗಿ.

ಮುಖ ಯಾವಾಗಲೂ ನಡುವಿನ ಕಡೆ ಇರಲಿ. ಯಾರ ಕಡೆ ತಿರುಗಿ ಮಾತಾಡ್ತೀರೋ ದನಿ ಅತ್ತಲೇ ಹೋಗುತ್ತೆ, ಕಣ್ಣು ಮುಚ್ಚಿದವರಿಗೆ ಅದು ಚೆನ್ನಾಗಿ ಕೇಳಿಸುತ್ತೆ. ಫೌಜದಾರರು ಔಟಾದ ಮೇಲೂ ಪ್ರತಿ ರಾತ್ರಿ ಅವರನ್ನು ಕರೆಯಿರಿ. ಮನಸ್ಸಲ್ಲೇ ಹತ್ತು ಎಣಿಸಿ, ಆಮೇಲೆ ಮುಂದೆ ಹೋಗಿ. ಇದನ್ನು ಮರೆತರೆ ಫೌಜದಾರ ಇಲ್ಲ ಅನ್ನೋ ಸುದ್ದಿ ಕಳ್ಳರಿಗೆ ನೀವೇ ಕೊಟ್ಟಹಾಗೆ.

ಇನ್ನೊಂದು, ಬಳೆ. ಹೆಣ್ಣುಮಕ್ಕಳು ಕೈ ಎತ್ತಿ ತೋರಿಸಿದರೆ ಗಾಜಿನ ಬಳೆ ಘಲ್ ಅನ್ನುತ್ತೆ. ಹಬ್ಬದ ದಿನ ಅಂತೂ ಕೈತುಂಬ ಇರುತ್ತವೆ. ಅದಕ್ಕೇ ರಾತ್ರಿ ಯಾರೂ ಕೈ ಎತ್ತೋದು ಬೇಡ. ನೀವೇ ನಡುವೆ ನಿಂತು ಒಬ್ಬೊಬ್ಬರ ಕಡೆ ಬೆರಳು ತೋರಿಸುತ್ತಾ ಹೋಗಿ, ಬೇಕಾದವರು ಬಂದಾಗ ಅವರು ತಲೆಯಾಡಿಸಲಿ. ಉಳಿದವರೆಲ್ಲ ತೊಡೆ ತಟ್ಟುತ್ತಾ ಇರಲಿ, ಜಮಖಾನೆ ಸರಿದಾಡೋ ಸದ್ದೂ ಅದರಲ್ಲಿ ಮುಚ್ಚಿಹೋಗುತ್ತೆ.

ಕಾವಲುಗಾರರು ಒಬ್ಬರನ್ನೇ ಸತತ ಎರಡು ರಾತ್ರಿ ಕಾಯಬಾರದು, ಅಷ್ಟೇ ನಿಯಮ.

ಹಗಲಿನ ಮಾತಿಗೆ ಐದು ನಿಮಿಷ ಸಾಕು, ಗಡಿಯಾರ ನೋಡಿ ನಿಲ್ಲಿಸಿ. ಸಣ್ಣವರಿಂದ ಮಾತು ಶುರು ಮಾಡಿಸಿ. ನಮ್ಮ ಮನೆಗಳಲ್ಲಿ ಕಾಕಾ ಒಂದು ಹೆಸರು ಹೇಳಿದರೆ ಆರು ಜನ ಹೌದು ಹೌದು ಅಂತಾರೆ, ಅಲ್ಲಿಗೆ ಆಟ ಸತ್ತಹಾಗೆ. ಮತವೂ ಹಾಗೇ. ಒಬ್ಬೊಬ್ಬರಾಗಿ ಬೇಡ, ಒಂದು ಎರಡು ಮೂರು ಅಂದಕೂಡಲೇ ಎಲ್ಲರೂ ಒಟ್ಟಿಗೆ ಬೆರಳು ತೋರಿಸಬೇಕು. ಸಮ ಬಂದರೆ ಇಬ್ಬರಿಗೂ ಅರ್ಧ ನಿಮಿಷ ಮಾತು, ಮತ್ತೊಮ್ಮೆ ಮತ. ಆಗಲೂ ಸಮವಾದರೆ ಅವತ್ತು ಯಾರೂ ಹೊರಗೆ ಹೋಗೋದಿಲ್ಲ.

ಆಣೆ ಹಾಕಿಸೋದು ಮಾತ್ರ ಬೇಡವೇ ಬೇಡ. "ಅವ್ವನಾಣೆ, ನಾ ಕಳ್ಳ ಅಲ್ಲ ಅನ್ನು ನೋಡೋಣ" ಅಂತ ಯಾರೋ ಒಬ್ಬರು ಕೇಳೇ ಕೇಳ್ತಾರೆ. ನಮ್ಮ ಅಜ್ಜಿಗೆ ಗುಲಾಮ ಬಂದಿತ್ತು. ಮೊಮ್ಮಗ ದೇವರ ಕೋಣೆ ಕಡೆ ತೋರಿಸಿ ಆಣೆ ಕೇಳಿದ. ಅಜ್ಜಿ ಎಲೆ ಕೆಳಗಿಟ್ಟು "ಹೂನಪ್ಪಾ, ನಾನ ಕಳ್ಳಿ" ಅಂದರು. ಆಟದ ಸುಳ್ಳು ಬೇರೆ, ಆಣೆ ಬೇರೆ. ಅವರನ್ನು ಹಾಗೆ ಇಕ್ಕಟ್ಟಿಗೆ ಸಿಕ್ಕಿಸಿದ್ದು ನನಗೆ ಇವತ್ತಿಗೂ ಸರಿ ಅನಿಸೋದಿಲ್ಲ. ದೇವರು, ಅವ್ವ, ಮಕ್ಕಳು ಯಾರ ಆಣೆಯೂ ಇಲ್ಲ ಅಂತ ಮೊದಲೇ ಹೇಳಿಬಿಡಿ. ಗಂಡ ಹೆಂಡತಿ ಮನೆಯ ಹಳೇ ವಿಷಯ ತೆಗೆದು "ನೀ ಯಾವಾಗಲೂ ಹಿಂಗ" ಅನ್ನೋದಕ್ಕೂ ಜಾಗ ಇಲ್ಲ.

ಔಟಾದವರಿಗೆ ಕೆಲಸ ಕೊಡಿ, ಮೊಬೈಲ್ ಮುಟ್ಟೋದಿಲ್ಲ. ಮೊದಲು ಹೋದವರು ನಿಮ್ಮ ಜೊತೆ ನಿಂತು ರಾತ್ರಿ ಕಣ್ಣು ತೆಗೆದು ನೋಡಬಹುದು, ಬಾಯಿ ಮಾತ್ರ ಬಿಡಬಾರದು. ಒಬ್ಬರಿಗೆ ಮತ ಎಣಿಸೋ ಕೆಲಸ, ಒಬ್ಬರಿಗೆ ಗಡಿಯಾರ. ನಮ್ಮಲ್ಲಿ ಈಗ ಬೇಗ ಔಟಾದರೆ ಪಂಚಾಯಿತಿ ನೋಡಬಹುದು ಅಂತ ಖುಷಿಪಡುವವರೂ ಇದ್ದಾರೆ. ಗುಟ್ಟು ಉಳಿಸಿಕೊಳ್ಳಲಾಗದ ಸಣ್ಣ ಮಕ್ಕಳನ್ನು ಮೊದಲಿಂದಲೇ ನಿಮ್ಮ ಪಕ್ಕ ಇಟ್ಟುಕೊಳ್ಳಿ.

14 ಜನರಿಗೆ ಒಂದು ಆಟಕ್ಕೆ ಸುಮಾರು ಒಂದು ತಾಸು ಹಿಡಿಯುತ್ತೆ. ಮುಗಿದಮೇಲೆ ಎಲ್ಲರೂ ಎಲೆ ಬಿಚ್ಚಿ ತೋರಿಸಲಿ. ತಾವು ಹೇಗೆ ಹೇಗೆ ಆಟ ಕಟ್ಟಿದೆವು ಅಂತ ಹೇಳೋದಕ್ಕೆ ಕಳ್ಳರಿಗೆ ಹತ್ತು ನಿಮಿಷ ಬಿಡಿ, ಜಾಸ್ತಿ ನಗು ಬರೋದು ಆಗಲೇ. ಗಿರಮಿಟ್ ಆಮೇಲೇ ಕಲಸಿ. ಮೊದಲೇ ಕಲಸಿಟ್ಟರೆ ಆಟ ಮುಗಿಯೋ ಹೊತ್ತಿಗೆ ಚುರಮುರಿ ಮೆತ್ತಗಾಗಿರುತ್ತೆ.